ಪಂಪ್ ಸ್ಟವ್ವಿನ ಬರ್ನರ್ ಸೋರಿಕೆ: ಪತ್ತೆ ಮಾಡಿದ ನನ್ನ ಅನುಭವ

ಬರ್ನರನ್ನು ಮೊದಲು ಕಾಯಿಸಲೆಂದು ಹಚ್ಚುವ ಸ್ಪಿರಿಟ್ಟು ಉರಿದು ಮುಗಿದ ಮೇಲೂ ಬರ್ನರಿನ ಬುಡದ ಬಟ್ಟಲಿನಲ್ಲಿ ಹಳದಿ ಜ್ವಾಲೆ ಆರದೆ ನಿಂತಿದ್ದರೆ, ಎಲ್ಲಿಂದಲೋ ಸೀಮೆಎಣ್ಣೆ ಸೋರಿ ಅಲ್ಲಿಗೆ ಇಳಿಯುತ್ತಿದೆ ಎಂದೇ ಅರ್ಥ. ಹೊಸನಗರದ ಕಡೆಯ ನಮ್ಮ ತೋಟದ ಬಿಡಾರದಲ್ಲಿರುವ ಹಿತ್ತಾಳೆಯ ಪಂಪ್ ಸ್ಟವ್ವಿನಲ್ಲಿ ಮಳೆಗಾಲದಲ್ಲಿ ಕಾಣಿಸಿಕೊಂಡದ್ದು ಇದೇ ಲಕ್ಷಣ. ಕೊಡಚಾದ್ರಿಯ ಕಾಡಿನೊಳಗೆ ಬೆಂಕಿ ಹಚ್ಚುವಂತಿಲ್ಲವಾದ್ದರಿಂದ, ಚಾರಣಕ್ಕೆ ಬರುವ ಗೆಳೆಯರ ಅಡುಗೆಯೆಲ್ಲ ಬಿಡಾರದಲ್ಲಿ ಈ ಸ್ಟವ್ವಿನ ಮೇಲೆಯೇ ಆಗುತ್ತದೆ. ಅಂದು ನಾನು ಮೊದಲು ಮಾಡಿದ್ದು ಗಾಳಿ ಬಿಡುವ ತಿರುಪನ್ನು ಸಡಿಲಿಸಿದ್ದು. ಒತ್ತಡ ಇಳಿದರೆ ಎಣ್ಣೆ ಮೇಲೇರುವುದು ನಿಲ್ಲುತ್ತದೆ. ಬಟ್ಟಲಿನಲ್ಲಿ ಉಳಿದಿದ್ದ ಉರಿಯನ್ನು ಒದ್ದೆ ಗೋಣಿಚೀಲ ಮುಚ್ಚಿ ಆರಿಸಿದೆ. ಉರಿಯುವ ಸೀಮೆಎಣ್ಣೆಗೆ ನೀರು ಎರಚಬಾರದು, ಎಣ್ಣೆ ನೀರಿನ ಮೇಲೆ ತೇಲಿ ಬೆಂಕಿಯನ್ನು ಹರಡುತ್ತದೆ.

ಹಾಗೆಂದು ಬರ್ನರಿನಲ್ಲಿ ಕಂಡ ಎಣ್ಣೆಯೆಲ್ಲ ಸೋರಿಕೆಯಲ್ಲ. ಈ ಸ್ಟವ್ವಿನಲ್ಲಿ ಟ್ಯಾಂಕಿನೊಳಗಿನ ಗಾಳಿಯ ಒತ್ತಡವು ಸೀಮೆಎಣ್ಣೆಯನ್ನು ಬರ್ನರಿನ ಬಾಗಿದ ಕೊಳವೆಗಳಿಗೆ ತಳ್ಳುತ್ತದೆ, ಕಾದ ಕೊಳವೆಯಲ್ಲಿ ಅದು ಆವಿಯಾಗುತ್ತದೆ, ಆ ಆವಿ ನಿಪ್ಪಲಿನ ಸಣ್ಣ ರಂಧ್ರದಿಂದ ಚಿಮ್ಮಿ ಗಾಳಿಯೊಡನೆ ಬೆರೆತು ನೀಲಿಯಾಗಿ ಉರಿಯುತ್ತದೆ. ಬರ್ನರು ಸಾಕಷ್ಟು ಕಾಯುವ ಮೊದಲೇ ಪಂಪು ಹೊಡೆದರೆ ದ್ರವ ಎಣ್ಣೆಯೇ ಹೊರಬಂದು ಎತ್ತರದ ಹಳದಿ ಜ್ವಾಲೆ ಏಳುತ್ತದೆ. ಮಲೆನಾಡಿನ ಮಳೆಗಾಳಿಯಲ್ಲಿ ಒಂದು ಬಟ್ಟಲು ಸ್ಪಿರಿಟ್ಟು ಹಲವು ಬಾರಿ ಸಾಲುವುದಿಲ್ಲ; ಆದ್ದರಿಂದ ಮರೆ ಕಟ್ಟಿ ಎರಡು ಸಲ ಕಾಯಿಸಿ ನೋಡಿದೆ. ಮೇಲಿನ ಜ್ವಾಲೆ ನೀಲಿಯಾಯಿತು, ಬುಡದ ಹಳದಿ ಉರಿ ಮಾತ್ರ ಹಾಗೆಯೇ ಉಳಿಯಿತು. ದೋಷ ಕಾಯಿಸುವುದರಲ್ಲಿ ಇಲ್ಲವೆಂಬುದು ಅಲ್ಲಿಗೆ ಖಚಿತವಾಯಿತು.

ಸೋರಿಕೆಯನ್ನು ಹುಡುಕುವ ಕೆಲಸವನ್ನು ಸ್ಟವ್ ಪೂರ್ತಿ ತಣಿದ ಮೇಲೆಯೇ ಮಾಡಬೇಕು. ಎಣ್ಣೆಯನ್ನು ಬಸಿದು, ಖಾಲಿ ಟ್ಯಾಂಕಿಗೆ ಗಾಳಿ ತುಂಬಿ, ನಿಪ್ಪಲಿನ ರಂಧ್ರವನ್ನು ರಬ್ಬರ್ ತುಂಡಿನಿಂದ ಒತ್ತಿ ಹಿಡಿಯಲು ತಮ್ಮನಿಗೆ ಹೇಳಿ, ಒಂದೊಂದು ಜೋಡಣೆಗೂ ಸಾಬೂನಿನ ನೊರೆ ಹಚ್ಚುತ್ತ ಬಂದೆ. ಎಣ್ಣೆ ತುಂಬುವ ಮುಚ್ಚಳ, ಗಾಳಿ ತಿರುಪು ಎರಡೂ ಸರಿಯಾಗಿದ್ದವು. ಪಂಪಿನ ಹಿಡಿ ತಾನಾಗಿ ಮೇಲೇಳಲಿಲ್ಲವಾದ್ದರಿಂದ ಅದರ ತಳದ ವಾಲ್ವೂ ಸರಿಯಿತ್ತು. ಗುಳ್ಳೆ ಎದ್ದದ್ದು ಟ್ಯಾಂಕಿನ ಕೊಳವೆಗೆ ಬರ್ನರು ಸೇರುವ ಕಡೆ, ಬಟ್ಟಲಿನ ಒಳಗೆ.

ಈ ಜೋಡಣೆಯಲ್ಲಿ ಒಂದು ಸೀಸದ ವಾಷರ್ ಇರುತ್ತದೆ. ಮೆತ್ತಗಿನ ಲೋಹವಾದ್ದರಿಂದ ಅದು ಒತ್ತಿದಂತೆ ಒಗ್ಗಿ ಸಂದನ್ನು ತುಂಬುತ್ತದೆ, ಆದರೆ ಹಲವು ಬಾರಿ ಬಿಚ್ಚಿ ಬಿಗಿದರೆ ತೆಳುವಾಗಿ ಓರೆಯಾಗುತ್ತದೆ. ಬಿಚ್ಚುವಾಗ ನಾನು ಎರಡು ಸ್ಪಾನರ್ ಬಳಸುತ್ತೇನೆ: ಒಂದು ಕೊಳವೆಯ ಬುಡವನ್ನು ಅಲುಗದಂತೆ ಹಿಡಿಯಲು, ಇನ್ನೊಂದು ಬರ್ನರನ್ನು ತಿರುಗಿಸಲು. ಒಂದರಲ್ಲೇ ಬಲ ಹಾಕಿದರೆ ಕೊಳವೆ ಟ್ಯಾಂಕಿಗೆ ಸೇರುವ ಬೆಸುಗೆಯೇ ಬಿರಿಯುತ್ತದೆ, ಆಮೇಲೆ ಸ್ಟವ್ವನ್ನು ಉಳಿಸಿಕೊಳ್ಳುವುದು ಕಷ್ಟ. ವಾಷರ್ ಕೂರುವ ಅಂಚಿಗೆ ಕಟ್ಟಿದ್ದ ಕರಿಯನ್ನು ಬಿದಿರಿನ ಸೀಳಿನಿಂದ ಕೆರೆದೆ. ಚಾಕು ಹಿತ್ತಾಳೆಯ ಮೇಲೆ ಗೀರು ಬಿಡುತ್ತದೆ, ಆ ಗೀರೇ ಎಣ್ಣೆಗೆ ದಾರಿಯಾಗುತ್ತದೆ. ಹೊಸ ವಾಷರ್ ಕೂರಿಸಿ ಹದವಾಗಿ ಬಿಗಿದು, ಒಮ್ಮೆ ಉರಿಸಿ, ತಣಿದ ಮೇಲೆ ಮತ್ತೆ ಸ್ವಲ್ಪ ಬಿಗಿದೆ. ನಲ್ಲಿಗೆ ಸುತ್ತುವ ಬಿಳಿ ಟೇಪನ್ನು ಇಲ್ಲಿ ಸುತ್ತುವುದನ್ನು ನಾನು ಬಲವಾಗಿ ವಿರೋಧಿಸುತ್ತೇನೆ, ಏಕೆಂದರೆ ಸುಮಾರು 260 ಡಿಗ್ರಿ ಸೆಲ್ಸಿಯಸ್ ದಾಟಿದರೆ ಅದು ಕೆಡತೊಡಗುತ್ತದೆ, ಅದರ ಹೊಗೆಯೂ ಒಳ್ಳೆಯದಲ್ಲ.

ಬುಡದ ಉರಿ ನಿಂತಿತು. ಆದರೆ ಬರ್ನರಿನ ಒಂದು ಬಾಗಿನಲ್ಲಿ ಮಾತ್ರ ಮಸಿ ಕಟ್ಟುತ್ತಲೇ ಇತ್ತು. ನೊರೆಗೆ ಅಲ್ಲಿ ಏನೂ ಕಾಣಿಸದಿದ್ದಾಗ ಎಲೆ ಅಡಿಕೆಯ ಸುಣ್ಣದ ಮೊರೆಹೋದೆ. ಕಳಚಿದ ಬರ್ನರಿಗೆ ನೀರು ಬೆರೆಸಿದ ಸುಣ್ಣವನ್ನು ತೆಳ್ಳಗೆ ಬಳಿದು ಒಲೆಯ ಬಿಸಿಗೆ ಒಣಗಿಸಿ, ಬೆಂಕಿಯಿಂದ ದೂರ ಒಯ್ದು, ನಿಪ್ಪಲಿನ ರಂಧ್ರಕ್ಕೆ ಸಾಬೂನು ಒತ್ತಿ, ತಲೆಕೆಳಗಾಗಿಸಿ ಒಳಗೆ ಸೀಮೆಎಣ್ಣೆ ತುಂಬಿ ರಾತ್ರಿಯಿಡೀ ಇಟ್ಟೆ. ನೀರು ನುಸುಳದ ಬಿರುಕಿನಲ್ಲೂ ಸೀಮೆಎಣ್ಣೆ ನುಸುಳುತ್ತದೆ. ಬೆಳಿಗ್ಗೆ ಬೆಳ್ಳಗಿನ ಸುಣ್ಣದ ಮೇಲೆ, ಕೊಳವೆಯ ಬೆಸುಗೆಯ ಗುಂಟ, ಕೂದಲೆಳೆಯಷ್ಟು ಕಪ್ಪು ಗೆರೆ ಮೂಡಿತ್ತು.

ಅದಕ್ಕೆ ತವರದ ಬೆಸುಗೆ ಹಾಕಿಸಬಹುದೆಂದು ಕೆಲವರು ಹೇಳಿದರು. ನಾನು ಒಪ್ಪಲಿಲ್ಲ. ಸೀಮೆಎಣ್ಣೆ ಕುದಿಯುವುದೇ ಸುಮಾರು 150ರಿಂದ 300 ಡಿಗ್ರಿಯ ನಡುವೆ. ಸಾಮಾನ್ಯ ತವರ-ಸೀಸದ ಬೆಸುಗೆ 183 ಡಿಗ್ರಿಗೇ ಕರಗತೊಡಗುತ್ತದೆ. ಅಂಥ ಬೆಸುಗೆ ಉರಿಯ ನಡುವೆ ಬಿಟ್ಟುಕೊಂಡರೆ ಒತ್ತಡದಲ್ಲಿರುವ ಆವಿ ನೇರವಾಗಿ ಅಡುಗೆ ಮಾಡುವವರ ಮುಖಕ್ಕೆ ಬರುತ್ತದೆ. ಶಿವಮೊಗ್ಗದ ಗಾಂಧಿ ಬಜಾರಿನಲ್ಲಿ ಹಳೆಯದನ್ನು ಕೈಯಲ್ಲಿ ಹಿಡಿದೇ ಹೋಗಿ, ತಿರುಪಿನ ಎಳೆಗಳು ಹೊಂದುತ್ತವೆಯೇ ಎಂದು ಬೆರಳಿನಿಂದ ತಿರುಗಿಸಿ ನೋಡಿ, ಸೀಮೆಎಣ್ಣೆಗೆಂದೇ ಇರುವ ನಿಪ್ಪಲಿನ ಹೊಸ ಬರ್ನರನ್ನೂ ಎರಡು ಸೀಸದ ವಾಷರುಗಳನ್ನೂ ಕೊಂಡುತಂದೆ.