ಬೀದರ್‌ನ ಗರಸಿನಲ್ಲಿ ಮೊದಲ ಮೌಂಟೇನ್ ಬೈಕ್ ರೇಸ್: ಶನಿವಾರ ಹೊರಟು ಭಾನುವಾರ ಓಡಿಸುವುದು ಹೇಗೆ?

ಕಲಬುರಗಿಯಲ್ಲಿ ಸೈಕಲ್ ಹೊಡೆಯುವವರಿಗೆ ಒಂದು ಭ್ರಮೆ ಇರುತ್ತದೆ. ಬೆಳಿಗ್ಗೆ ರಿಂಗ್ ರೋಡ್‌ನಲ್ಲಿ 40 ಕಿ.ಮೀ. ಹೊಡೆಯುತ್ತೇವೆ, ಇನ್ನು ಯಾವ ರೇಸಾದರೇನು ಅಂತ. ನನಗೂ ಇತ್ತು. ಬೀದರ್ ಹೊರಗಿನ ಒಂದು ಗರಸಿನ ಇಳಿಜಾರಿನಲ್ಲಿ, ಮೊದಲ ಸುತ್ತಿನಲ್ಲೇ ಆ ಭ್ರಮೆ ಹೋಯಿತು. ಜೊತೆಗೆ ಮೊಣಕೈಯ ತೊಗಲೂ ಹೋಯಿತು.

ಬೀದರ್ ಕೂತಿರುವುದು ಕೆಂಪು ಜಂಬಿಟ್ಟಿಗೆಯ ಮೇಲೆ. ಕೋಟೆಯ ಕಂದಕವನ್ನು ಕೊರೆದಿರುವುದೂ ಇದೇ ಕಲ್ಲಿನಲ್ಲಿ. ಈ ಕಲ್ಲು ಪುಡಿಯಾಗಿ ಮೇಲೆ ಹರಡಿಕೊಂಡಿರುವುದೇ ಗರಸು. ನೋಡಲು ಗಟ್ಟಿ ನೆಲ. ಸೈಕಲ್ ತಿರುಗಿಸಿದರೆ ಮಾತ್ರ ಬಂಡೆಯ ಮೇಲೆ ತೊಗರಿ ಕಾಳು ಚೆಲ್ಲಿದ ಹಾಗೆ ಜಾರುತ್ತದೆ. ಹಾಗಾಗಿ ಇಲ್ಲಿ ರೇಸ್ ಅಂದರೆ ಬರೀ ಕಾಲಿನ ಬಲ ಅಲ್ಲ. ಬ್ರೇಕ್ ಹಿಡಿಯುವ ಬೆರಳು, ಟೈರಿನ ಹವಾ, ಎರಡನ್ನೂ ಶನಿವಾರವೇ ಪಳಗಿಸಿಕೊಳ್ಳಬೇಕು.

ಹೆಸರು ಕೊಡುವ ಮುಂಚೆ

ಮೊದಲು ಯಾವ ಬಗೆಯ ರೇಸ್ ಅಂತ ಕೇಳಿ. ಕ್ರಾಸ್ ಕಂಟ್ರಿ ಆದರೆ ಧೈರ್ಯವಾಗಿ ಹೆಸರು ಕೊಡಿ. 1996ರ ಅಟ್ಲಾಂಟಾ ಒಲಿಂಪಿಕ್ಸ್‌ನಿಂದ ಒಲಿಂಪಿಕ್ಸ್‌ನಲ್ಲಿ ಇರುವುದು ಇದೇ. ಏರು, ಇಳಿಜಾರು, ಕಾಲುದಾರಿ ಇರುವ ಒಂದೇ ದಾರಿಯನ್ನು ಹಲವು ಸುತ್ತು ಹೊಡೆಯಬೇಕು. ಡೌನ್‌ಹಿಲ್, ಅಂದರೆ ಬರೀ ಇಳಿಜಾರಿನಲ್ಲಿ ಇಳಿಸುವ ರೇಸ್, ಅದು ಬೇರೆಯೇ ಆಟ. ಮುಖ ಪೂರ್ತಿ ಮುಚ್ಚುವ ಹೆಲ್ಮೆಟ್ ಬೇಕು, ಬೀಳುವ ಅಭ್ಯಾಸವೂ ಬೇಕು. ಮೊದಲ ಸಲಕ್ಕೆ ಬೇಡ.

ಸುತ್ತು ಎಷ್ಟು ಕಿ.ಮೀ., ಒಟ್ಟು ಎಷ್ಟು ಸುತ್ತು, ಶನಿವಾರ ದಾರಿ ನೋಡಲು ಬಿಡುತ್ತಾರಾ, ಇವನ್ನೂ ಕೇಳಿಕೊಳ್ಳಿ. ಕೊನೆಯದಕ್ಕೆ ‘ಇಲ್ಲ’ ಅಂದರೆ ನಾನಾದರೆ ಹೋಗುವುದಿಲ್ಲ.

ಸೈಕಲ್ ವಿಷಯ ಚಿಕ್ಕದು. ಮುಂದೆ ಮಾತ್ರ ಸಸ್ಪೆನ್ಷನ್ ಇರುವ, ಡಿಸ್ಕ್ ಬ್ರೇಕಿನ ಸಾದಾ ಮೌಂಟೇನ್ ಬೈಕ್ ಸಾಕು. ಹಿಂದೆಯೂ ಸ್ಪ್ರಿಂಗ್ ಇರುವ ಅಗ್ಗದ ಸೈಕಲ್ ಬರೀ ಭಾರ.

ಸಾಗಿಸುವಾಗ ಒಂದು ರಟ್ಟಿನ ತುಂಡು

ಕಲಬುರಗಿಯಿಂದ ಬೀದರ್‌ಗೆ ಹುಮನಾಬಾದ್ ಮೇಲೆ ಹೋದರೆ ಹೆಚ್ಚುಕಡಿಮೆ 110 ಕಿ.ಮೀ. ನಾವು ನಾಲ್ಕು ಮಂದಿ ಒಂದು ಗೂಡ್ಸ್ ಗಾಡಿ ಮಾಡಿಕೊಂಡು, ಗಾಲಿ ಬಿಚ್ಚಿ, ಹಳೆ ಕೌದಿ ಹಾಸಿ ಸೈಕಲ್ ಮಲಗಿಸಿದೆವು. ಎಲ್ಲಾ ಸರಿ ಇತ್ತು. ದಾರಿಯಲ್ಲಿ ಒಬ್ಬ ಸುಮ್ನೆ ಕೂರಲಾರದೆ ನನ್ನ ಸೈಕಲ್‌ನ ಬ್ರೇಕ್ ಒತ್ತಿದ. ಆಯಿಲ್ ಬ್ರೇಕ್. ನಡುವೆ ಡಿಸ್ಕ್ ಇಲ್ಲದೆ ಒತ್ತಿದರೆ ಎರಡೂ ಪ್ಯಾಡ್ ಒಳಗೆ ಬಂದು ಅಂಟಿಕೊಂಡುಬಿಡುತ್ತವೆ. ಆಮೇಲೆ ಗಾಲಿ ಕೂರುವುದಿಲ್ಲ. ರಾತ್ರಿ ಲಾಡ್ಜ್‌ನಲ್ಲಿ, ಚಹಾ ಹೋಟೆಲಿಂದ ತಂದ ಸ್ಟೀಲ್ ಚಮಚದ ಹಿಡಿಯನ್ನು ಪ್ಯಾಡ್‌ಗಳ ನಡುವೆ ತೂರಿಸಿ, ಮೊಬೈಲ್ ಬೆಳಕಿನಲ್ಲಿ ಅರ್ಧ ಗಂಟೆ ಮೀಟಿದೆ. ಗಾಲಿ ಬಿಚ್ಚಿದ ಕೂಡಲೇ ಅಲ್ಲಿ ಒಂದು ದಪ್ಪ ರಟ್ಟಿನ ತುಂಡು ಸಿಕ್ಕಿಸಿಬಿಡಿ. ಇಷ್ಟೇ ಕೆಲಸ.

ದಾರಿಯಲ್ಲಿ ಕಮಲಾಪುರ ಸಿಗುತ್ತದೆ. ಅಲ್ಲಿನ ಕೆಂಪು ಬಾಳೆಹಣ್ಣು ಜಿಐ ಟ್ಯಾಗ್ ಪಡೆದದ್ದು. ರೇಸಿನ ಬೆಳಿಗ್ಗೆಗೆ ಇದಕ್ಕಿಂತ ಒಳ್ಳೆಯ ತಿನಿಸು ಇಲ್ಲ, ತಲಾ ಎರಡು ಹಿಡಿಯಲಿ.

ಶನಿವಾರ ಸಂಜೆ: ನಡೆದೇ ನೋಡಿ

ತಲುಪಿದ ಮೇಲೆ ಕೋಟೆ, ಅಷ್ಟೂರಿನ ಗುಮ್ಮಟ ನೋಡುವ ಆಸೆ ಎಲ್ಲರಿಗೂ ಇರುತ್ತದೆ. ಭಾನುವಾರ ಮಧ್ಯಾಹ್ನಕ್ಕೆ ಇಟ್ಟುಕೊಳ್ಳಿ. ಶನಿವಾರ ಸಂಜೆ ಒಂದು ಸುತ್ತು ನಿಧಾನವಾಗಿ ಸೈಕಲ್ ಹೊಡೆದು, ಭಯ ಹುಟ್ಟಿಸಿದ ಇಳಿಜಾರುಗಳಿಗೆ ನಡೆದುಕೊಂಡು ವಾಪಸ್ ಹೋಗಿ. ಅಲ್ಲಿ ನಿಂತು ಮೂರು ಗುರುತು ಮಾಡಿಕೊಳ್ಳಿ: ಎಲ್ಲಿ ಬ್ರೇಕ್ ಹಿಡಿಯಬೇಕು, ಎಲ್ಲಿ ಬಿಡಬೇಕು, ತಿರುವಿನಾಚೆ ಕಣ್ಣು ಎಲ್ಲಿರಬೇಕು. ಒಂದು ಜಾಲಿ ಗಿಡ, ಒಂದು ಬಿಳಿ ಕಲ್ಲು, ಏನಾದರೂ ಸರಿ.

ಬ್ರೇಕ್ ಎಲ್ಲಾ ತಿರುವಿಗೆ ಮುಂಚೆ. ಸೈಕಲ್ ನೇರ ಇರುವಾಗ ವೇಗ ಇಳಿಸಿ, ತಿರುಗುವಾಗ ಬೆರಳು ಸಡಿಲ ಬಿಡಿ. ಗರಸಿನಲ್ಲಿ ವಾಲಿದಾಗ ಮುಂದಿನ ಬ್ರೇಕ್ ಹಿಡಿದರೆ ಗಾಲಿ ಜಾರಿಹೋಗುತ್ತದೆ, ಮುಂದಿನದು ನನ್ನ ಮೊಣಕೈ ಕಥೆ. ನಾಲ್ಕು ಬೆರಳಲ್ಲಿ ಹಿಡಿಯಬೇಡಿ, ತೋರುಬೆರಳು ಒಂದೇ ಸಾಕು. ಉಳಿದ ಬೆರಳು ಹ್ಯಾಂಡಲ್ ಹಿಡಿಯಲಿ. ಇಳಿಯುವಾಗ ಸೀಟಿನಿಂದ ಎದ್ದು, ಎರಡೂ ಪೆಡಲ್ ಸಮ ಎತ್ತರಕ್ಕೆ ತಂದು, ಹಿಮ್ಮಡಿ ಕೆಳಗೆ ಒತ್ತಿ, ಸೊಂಟ ಹಿಂದಕ್ಕೆ ತನ್ನಿ. ನೋಟ ಗಾಲಿಯ ಮುಂದಿನ ಕಲ್ಲಿನ ಮೇಲೆ ಬೇಡ. ಯಾವ ಕಲ್ಲು ನೋಡುತ್ತೀರೋ ಅದಕ್ಕೇ ಹೊಡೆಯುತ್ತೀರಿ, ವಿಚಿತ್ರ ಆದರೂ ನಿಜ.

ಏರಿನಲ್ಲಿ ಗೇರ್ ಮುಂಚೆಯೇ ಇಳಿಸಿ. ಅರ್ಧ ಏರಿ, ಪೂರ್ತಿ ಭಾರ ಹಾಕುವಾಗ ಗೇರ್ ಬದಲಿಸಿದರೆ ಚೈನ್ ಕಳಚುತ್ತದೆ, ಇಲ್ಲಾ ತುಂಡಾಗುತ್ತದೆ.

ಹವಾ ಎಷ್ಟು, ಮುಳ್ಳು ಎಲ್ಲಿ

ನಮ್ಮೂರಲ್ಲಿ ಟೈರ್ ಕಲ್ಲಿನಂತೆ ಆಗುವವರೆಗೆ ಹವಾ ಹೊಡೆಯುತ್ತೇವೆ. ಡಾಂಬರಿಗೆ ಸರಿ. ಅಭ್ಯಾಸದಲ್ಲಿ ಹಿಂದೆ ಬರುತ್ತಿದ್ದ ಗೆಳೆಯನೇ ಹೇಳಿದ, ‘ಹವಾ ಭಾಳ ಆಗ್ಯಾದಲೇ, ಗಾಲಿ ಪುಟಿಲಕತ್ತದ’ ಅಂತ. 65-70 ಕೆ.ಜಿ. ತೂಕದವರು ಟ್ಯೂಬ್ ಟೈರಿಗೆ ಮುಂದೆ 28, ಹಿಂದೆ 30 ಪಿಎಸ್‌ಐ ಇಂದ ಶುರು ಮಾಡಿ ನೋಡಬಹುದು. ಟ್ಯೂಬ್‌ಲೆಸ್ ಆದರೆ ಇನ್ನೂ ಐದಾರು ಕಡಿಮೆ. ತೀರಾ ಇಳಿಸಿದರೆ ರಿಮ್‌ಗೂ ಕಲ್ಲಿಗೂ ನಡುವೆ ಟ್ಯೂಬ್ ಸಿಕ್ಕಿ ಜೋಡಿ ತೂತು ಬೀಳುತ್ತದೆ.

ತೂತು ಹೇಗೂ ಬೀಳುತ್ತದೆ ಅನ್ನಿ. ನೆಗ್ಗಿಲ ಮುಳ್ಳು ಗೊತ್ತಲ್ವಾ, ಹೇಗೆ ಬಿದ್ದರೂ ಒಂದು ಕೊಂಬು ಮೇಲಕ್ಕೇ ಇರುತ್ತದೆ. ಹೊಸ ಟ್ಯೂಬ್ ಹಾಕುವ ಮುಂಚೆ ಟೈರಿನ ಒಳಗೆ ಬಟ್ಟೆಯೊಂದನ್ನು ಸುತ್ತಲೂ ಸವರಿ. ಮುರಿದ ಮೊನೆ ಅಲ್ಲೇ ಇದ್ದರೆ ಬಟ್ಟೆಗೆ ಸಿಕ್ಕಿಕೊಳ್ಳುತ್ತದೆ. ಬರಿ ಬೆರಳಲ್ಲಿ ಹುಡುಕಿದರೆ ಬೆರಳಿಗೂ ಪಂಕ್ಚರ್. ಒಂದು ಟ್ಯೂಬ್, ಟೈರ್ ಬಿಚ್ಚುವ ಎರಡು ಲಿವರ್, ಪುಟ್ಟ ಪಂಪು ಮೈಮೇಲೇ ಇರಲಿ. ಗೆಳೆಯನ ಬ್ಯಾಗಿನಲ್ಲಿದ್ದರೆ ಅವನು ಮುಂದೆ ಹೋಗಿರುತ್ತಾನೆ.

ಹಿಂದಿನ ರಾತ್ರಿ ಮಳೆ ಬಂದರೆ? ಗರಸು ಬೇಗ ನೀರು ಹೀರುತ್ತದೆ. ದಾರಿ ಎರೆ ಹೊಲದ ಬದುವಿಗೆ ಇಳಿದರೆ ಮಾತ್ರ ಮಣ್ಣು ಗಾಲಿಗೆ ಸುತ್ತಿ ಸೈಕಲ್ ನಿಂತೇಬಿಡುತ್ತದೆ. ಅಲ್ಲಿ ತುಳಿಯಬೇಡಿ. ಹೆಗಲ ಮೇಲೆ ಹೊತ್ತು ಹುಲ್ಲಿನ ಅಂಚಿನಲ್ಲಿ ನಡೆಯಿರಿ. ರೇಸಿನಲ್ಲಿ ನಡೆಯುವುದಕ್ಕೆ ಅಡ್ಡಿ ಇಲ್ಲ.

ಭಾನುವಾರ

ರಾತ್ರಿ ಊಟಕ್ಕೆ ರೊಟ್ಟಿ, ಝುಣಕ, ಅನ್ನ. ಖಾರ ಕಮ್ಮಿ ಇರಲಿ. ಬೀದರ್ ಬಿರಿಯಾನಿ ರೇಸ್ ಮುಗಿದ ಮೇಲೆ. ಬೆಳಿಗ್ಗೆ ಶುರುವಾಗುವ ಎರಡು ಗಂಟೆ ಮುಂಚೆ ತಿಂದು ಮುಗಿಸಿ. ಒಂದು ಬಾಟಲಿಯಲ್ಲಿ ಬರೀ ನೀರು, ಇನ್ನೊಂದರಲ್ಲಿ ಓಆರ್‌ಎಸ್. ದೊಡ್ಡ ಪಾಕೀಟು ಪೂರ್ತಿ ಒಂದು ಲೀಟರಿಗೆ, ಕಣ್ಣಳತೆ ಬೇಡ.

ಸೀಟಿ ಊದಿದ ಕೂಡಲೇ ಎಲ್ಲರೂ ಹುಚ್ಚು ಹಿಡಿದವರಂತೆ ನುಗ್ಗುತ್ತಾರೆ. ಮುಂದೆ ಕಾಲುದಾರಿ ಕಿರಿದಾಗುವುದರಿಂದ ಮೊದಲೇ ಜಾಗ ಹಿಡಿಯುವ ಆಟ ಅದು. ಗೆಲ್ಲಲು ಬಂದವರಿಗೆ ಅದು ಬೇಕು, ನಿಮಗೆ ಬೇಡ. ಹಿಂದಿನ ಸಾಲಿನಲ್ಲಿ ನಿಂತು, ಮೊದಲ ಸುತ್ತಿನಲ್ಲಿ ಮಾತಾಡುವಷ್ಟು ಉಸಿರು ಉಳಿಸಿಕೊಳ್ಳಿ. ಎರಡನೇ ಸುತ್ತಿನ ಏರಿನಲ್ಲಿ ಆ ನುಗ್ಗಿದವರಲ್ಲಿ ಕೆಲವರು ಸೈಕಲ್ ತಳ್ಳುತ್ತಿರುತ್ತಾರೆ.

ಹಿಂದಿನಿಂದ ಯಾರಾದರೂ ‘ಎಡಕ್ಕೆ’, ‘ಬಲಕ್ಕೆ’ ಅಂತ ಕೂಗಿದರೆ ಜಾಗ ಬಿಡಿ. ಅವರು ನಿಮಗಿಂತ ಒಂದು ಸುತ್ತು ಹೆಚ್ಚು ಹೊಡೆದು ಬಂದಿರಬಹುದು. ತೀರಾ ಹಿಂದೆ ಬಿದ್ದವರನ್ನು ನಡುವೆಯೇ ಹೊರಗೆ ಕರೆಯುವುದೂ ಉಂಟು. ದೊಡ್ಡ ರೇಸ್‌ಗಳಲ್ಲಿ ಇದಕ್ಕೆ 80 ಪರ್ಸೆಂಟ್ ನಿಯಮ ಅನ್ನುತ್ತಾರೆ: ಮುಂದಿರುವವನ ಮೊದಲ ಸುತ್ತಿನ ಸಮಯದ 80 ಪರ್ಸೆಂಟಿನಷ್ಟು ಹಿಂದೆ ಬಿದ್ದರೆ ಹೊರಗೆ. ನಮ್ಮಲ್ಲಿ ಇಬ್ಬರನ್ನು ಹಾಗೆ ಕರೆದರು. ಅವರೇ ಉಳಿದಿಬ್ಬರಿಗೆ ಏರಿನ ಪಕ್ಕ ನಿಂತು ಬಾಟಲಿ ಕೊಟ್ಟರು, ಬೈದರು, ಫೋಟೊ ತೆಗೆದರು. ನಾನು ಬೈಸಿಕೊಂಡವರಲ್ಲಿ ಒಬ್ಬ.

ಮುಗಿದ ಮೇಲೆ ಸೈಕಲ್‌ಗೆ ಬಕೆಟ್ ನೀರು ಸಾಕು. ಸರ್ವಿಸ್ ಸ್ಟೇಷನ್ನಿನ ಜೋರು ಪೈಪು ಬೇರಿಂಗಿಗೆ ಆಗಿಬರುವುದಿಲ್ಲ. ಚೈನ್ ಒರೆಸಿ ಎರಡು ಹನಿ ಎಣ್ಣೆ ಬಿಟ್ಟು, ಗಾಲಿ ಬಿಚ್ಚಿ, ರಟ್ಟಿನ ತುಂಡು ಮತ್ತೆ ಸಿಕ್ಕಿಸಿ. ಆ ಬ್ರೇಕ್ ಒತ್ತುವ ಗೆಳೆಯ ವಾಪಸ್ ಬರುವಾಗಲೂ ಅದೇ ಗಾಡಿಯಲ್ಲಿ ಇರುತ್ತಾನೆ.