ನಷ್ಟದ ಟ್ರಿಪ್ಪನ್ನು ಓದಲು ಕಲಿತದ್ದು

ರಸ್ತೆ ಸಾರಿಗೆ ನಿಗಮಗಳ ಕಾಯ್ದೆ ಬಂದದ್ದು 1950ರಲ್ಲಿ. ನಿಗಮವು ದಕ್ಷವಾದ, ಜನರಿಗೆ ಸಾಲುವಷ್ಟಿರುವ, ಮಿತವ್ಯಯದ, ಸುಸಂಘಟಿತ ಸಾರಿಗೆಯನ್ನು ಒದಗಿಸಬೇಕು ಎಂದು ಅದರ 18ನೆಯ ಸೆಕ್ಷನ್ ಹೇಳುತ್ತದೆ. ಅದೇ ನಿಗಮ ವ್ಯವಹಾರದ ತತ್ವಗಳ ಮೇಲೆ ನಡೆಯಬೇಕು ಎನ್ನುತ್ತದೆ 22ನೆಯ ಸೆಕ್ಷನ್. ಸಾರ್ವಜನಿಕ ಆಡಳಿತದಲ್ಲಿ ಸ್ನಾತಕೋತ್ತರ ಪದವಿ ಓದುತ್ತಿದ್ದ ನನಗೆ ಪ್ರಬಂಧದ ವಿಷಯ ಸಿಕ್ಕಿದ್ದು ಈ ಎರಡನ್ನೂ ಅಕ್ಕಪಕ್ಕ ಇಟ್ಟು ಓದಿದಾಗ. ಹತ್ತುವವರು ಕಡಿಮೆ ಇರುವ ಊರಿಗೂ ಬಸ್ ಹೋಗಬೇಕು, ಲೆಕ್ಕವೂ ಸರಿದೂಗಬೇಕು. ಈ ಇಕ್ಕಟ್ಟನ್ನು ನಿಗಮದ ಒಂದು ಘಟಕ, ಅಂದರೆ ಬಸ್ ಡಿಪೊ, ದಿನವೂ ಹೇಗೆ ನಿಭಾಯಿಸುತ್ತದೆ?

ಇತಿಹಾಸದ ಅಧ್ಯಾಯ ಬೇಗ ಮುಗಿಯಿತು. 1948ರ ಸೆಪ್ಟೆಂಬರ್ 12ರಂದು 120 ಬಸ್‌ಗಳೊಂದಿಗೆ ಶುರುವಾದ ಮೈಸೂರು ಸರ್ಕಾರದ ಸಾರಿಗೆ ಇಲಾಖೆ 1961ರ ಆಗಸ್ಟ್ 1ರಂದು ನಿಗಮವಾಯಿತು. ಇಲಾಖೆಯಾಗಿದ್ದಾಗ ಖರ್ಚು ಸರ್ಕಾರದ ಬಜೆಟ್ಟಿನದು. ನಿಗಮವಾದ ಮೇಲೆ ತನ್ನದೇ ಲಾಭ ನಷ್ಟದ ಲೆಕ್ಕ. ಮುಂದೆ ನಾಲ್ಕು ನಿಗಮಗಳಾದರೂ ಈ ಮೂಲ ಪ್ರಶ್ನೆ ಎಲ್ಲ ಕಡೆಯೂ ಒಂದೇ.

ನಾನು ಓದುತ್ತಿದ್ದ ವಿಭಾಗದ ಮುಖ್ಯಸ್ಥರ ಪತ್ರ ಹಿಡಿದು ನಿಗಮದ ವಿಭಾಗೀಯ ನಿಯಂತ್ರಣಾಧಿಕಾರಿಗಳ ಅನುಮತಿ ಪಡೆದೆ. ಘಟಕದ ಸಂಚಾರ ಶಾಖೆಯಲ್ಲಿ ಕುಳಿತು ವೇಬಿಲ್, ಅಂದರೆ ನಿರ್ವಾಹಕರ ಟಿಕೆಟ್ ಲೆಕ್ಕದ ಹಾಳೆ, ಓದುವುದನ್ನು ಕಲಿತೆ. ಅಲ್ಲಿ ಎಲ್ಲರ ಬಾಯಲ್ಲೂ ಇದ್ದ ಮಾತು ಇಪಿಕೆಎಂ, ಅಂದರೆ ಒಂದು ಕಿಲೋಮೀಟರಿಗೆ ಎಷ್ಟು ಆದಾಯ ಎಂಬುದು. ಇದು ಕಡಿಮೆಯಾದ ಟ್ರಿಪ್ ಮೇಲಧಿಕಾರಿಗಳ ಕಣ್ಣಿಗೆ ಮೊದಲು ಬೀಳುತ್ತದೆ. ಬೆಳಗಿನ ಶಾಲೆಯ ಟ್ರಿಪ್ಪನ್ನೇ ನೋಡಿ: ಹಳ್ಳಿಗೆ ಹೋಗುವಾಗ ಖಾಲಿ, ಪಟ್ಟಣಕ್ಕೆ ಬರುವಾಗ ಬಾಗಿಲಿನವರೆಗೂ ಮಕ್ಕಳು. ಅವರಲ್ಲಿ ಹೆಚ್ಚಿನವರ ಕೈಯಲ್ಲಿ ರಿಯಾಯಿತಿ ಪಾಸ್. ನಾನು ನೋಡಿದ ವೇಬಿಲ್‌ಗಳಲ್ಲಿ ಪಾಸಿನವರ ಎಣಿಕೆಯೇ ಇರಲಿಲ್ಲ. ಆದ್ದರಿಂದ ಕಾಗದದ ಮೇಲೆ ಅದು ಖಾಲಿ ಬಸ್ಸು.

ಹೀಗಾಗಿ ಎಣಿಕೆ ನಾನೇ ಮಾಡಬೇಕಾಯಿತು. ಪ್ರತಿ ಸ್ಟೇಜಿನಲ್ಲಿ ಹತ್ತಿದವರೆಷ್ಟು, ಇಳಿದವರೆಷ್ಟು, ಅವರಲ್ಲಿ ಪಾಸಿನವರೆಷ್ಟು ಎಂದು ಬರೆದುಕೊಂಡು, ನಿರ್ವಾಹಕರ ಟಿಕೆಟ್ ಯಂತ್ರದ ವರದಿಗೆ ಹೋಲಿಸಿದೆ. ಜನರು ಪ್ರಯಾಣಿಸಿದ ಕಿಲೋಮೀಟರುಗಳನ್ನು ಆಸನ ಕಿಲೋಮೀಟರುಗಳಿಂದ (ಬಸ್ಸಿನ ಆಸನಗಳ ಸಂಖ್ಯೆಯನ್ನು ಅದು ಓಡಿದ ಕಿಲೋಮೀಟರಿನಿಂದ ಗುಣಿಸಿದ್ದು) ಭಾಗಿಸಿದರೆ ಬಸ್ ನಿಜಕ್ಕೂ ಎಷ್ಟು ತುಂಬಿತ್ತು ಎಂಬುದು ಸಿಗುತ್ತದೆ. ನಷ್ಟದ ಪಟ್ಟಿಯಲ್ಲಿದ್ದ ಹಲವು ಟ್ರಿಪ್‌ಗಳ ಚಿತ್ರ ಈ ಒಂದೇ ಲೆಕ್ಕದಿಂದ ಬದಲಾಯಿತು. ಈ ವಿಷಯ ಓದಬೇಕೆಂದಿರುವವರಿಗೆ ನಾನು ಮೊದಲು ಹೇಳುವುದು ಇದನ್ನೇ: ಘಟಕದ ಅಂಕಿಗಳನ್ನು ಗೌರವದಿಂದ ತೆಗೆದುಕೊಳ್ಳಿ, ಆದರೆ ಬಸ್ಸಿನಲ್ಲಿ ನಿಂತು ಎಣಿಸದೆ ಒಂದು ವಾಕ್ಯವನ್ನೂ ಬರೆಯಬೇಡಿ.

2023ರ ಜೂನ್ 11ರಿಂದ ಮಹಿಳೆಯರ ಉಚಿತ ಪ್ರಯಾಣದ ಶಕ್ತಿ ಯೋಜನೆ ಜಾರಿಗೆ ಬಂದದ್ದು ಸಂಶೋಧಕರಿಗೆ ದೊಡ್ಡ ತಿರುವು. ಅದಕ್ಕೆ ಮುಂಚಿನ ಸಾಮಾನ್ಯ ಟಿಕೆಟ್ ನೋಡಿ ಪ್ರಯಾಣಿಸಿದವರು ಹೆಣ್ಣೋ ಗಂಡೋ ಹೇಳುವಂತಿರಲಿಲ್ಲ. ಈಗ ಶೂನ್ಯ ಮೊತ್ತದ ಟಿಕೆಟ್ ಹರಿಯುವುದರಿಂದ ಯಾವ ಊರಿನಿಂದ ಯಾವ ಊರಿಗೆ, ಯಾವ ಹೊತ್ತಿನಲ್ಲಿ ಮಹಿಳೆಯರು ಹೋಗುತ್ತಾರೆ ಎಂಬುದು ಯಂತ್ರದಲ್ಲೇ ಉಳಿಯುತ್ತದೆ. ಸರ್ಕಾರ ನಿಗಮಗಳಿಗೆ ಹಣ ತುಂಬಿಕೊಡುವುದೂ ಈ ಟಿಕೆಟ್‌ಗಳ ಆಧಾರದ ಮೇಲೆ. ಯೋಜನೆಯ ಹಿಂದಿನ ಮತ್ತು ನಂತರದ ಅಂಕಿಗಳನ್ನು ನಾನು ಒಂದೇ ಕೋಷ್ಟಕಕ್ಕೆ ಸೇರಿಸಲಿಲ್ಲ. ಹಾಗೆ ಸೇರಿಸಿದರೆ ಎರಡೂ ಅರ್ಥ ಕಳೆದುಕೊಳ್ಳುತ್ತವೆ.

ಟಿಕೆಟ್ ಯಂತ್ರ ಹೇಳದ ಸಂಗತಿಗಳೂ ಇದ್ದವು. ಹತ್ತಲು ಆಗದೆ ನಿಂತವರ ಲೆಕ್ಕ ಯಾವ ವೇಬಿಲ್ಲಿನಲ್ಲೂ ಇರುವುದಿಲ್ಲ. ಊರುಗೋಲು ಹಿಡಿದ ಒಬ್ಬ ಅಜ್ಜಿ ನಿಲ್ದಾಣದಲ್ಲಿ ನನಗೆ ಹೇಳಿದರು: "ಪಾಸ್ ಇದೆ ತಂಗಿ, ಮೆಟ್ಟಿಲು ಮಾತ್ರ ನನಗೆ ಎಟುಕುವುದಿಲ್ಲ." ಅಂಗವಿಕಲರಿಗೆ ವಾಸಸ್ಥಳದಿಂದ ನೂರು ಕಿಲೋಮೀಟರ್ ವ್ಯಾಪ್ತಿಯ ರಿಯಾಯಿತಿ ಪಾಸ್ ಸಿಗುತ್ತದೆ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯ 41ನೆಯ ಸೆಕ್ಷನ್ ನಿಲ್ದಾಣವೂ ವಾಹನವೂ ಅವರ ಬಳಕೆಗೆ ಒದಗುವಂತಿರಬೇಕು ಎನ್ನುತ್ತದೆ. ಮೊದಲನೆಯದು ಜೇಬಿನ ಭಾರ ಇಳಿಸುತ್ತದೆ, ಎರಡನೆಯದು ಬಂದಾಗಲೇ ಪ್ರಯಾಣ ಸಾಧ್ಯ. ಆ ಅಜ್ಜಿಯ ಮಾತಿನ ನಂತರ ನಿಲ್ದಾಣಗಳಲ್ಲಿ ನಿಂತು ಕೇಳಬೇಕಾದ ಪ್ರಶ್ನೆಗಳನ್ನು ಬೇರೆಯಾಗಿಯೇ ಬರೆದುಕೊಂಡೆ.

ರಾತ್ರಿ ಹಳ್ಳಿಯಲ್ಲೇ ತಂಗುವ ಬಸ್ಸಿನ ಬಗ್ಗೆ ಇನ್ನಷ್ಟು ಬರೆಯಬೇಕಿತ್ತು ಎಂದು ಈಗಲೂ ಅನ್ನಿಸುತ್ತದೆ. ಬಸ್ ಖಾಲಿ ಹಿಂತಿರುಗಿ ಮತ್ತೆ ಬೆಳಿಗ್ಗೆ ಬರುವ ಡೀಸೆಲ್ ಉಳಿಯುತ್ತದೆ, ಸಂತೆಗೂ ಆಸ್ಪತ್ರೆಗೂ ಹೋಗುವವರಿಗೆ ಮುಂಜಾನೆಯೇ ಬಸ್ ಸಿಗುತ್ತದೆ. ಆದರೆ ಚಾಲಕ, ನಿರ್ವಾಹಕರು ಮಲಗುವುದೆಲ್ಲಿ, ಶೌಚಾಲಯ ಎಲ್ಲಿ? 2025ರ ನವೆಂಬರಿನವರೆಗೆ ಜಾರಿಯಲ್ಲಿದ್ದ 1961ರ ಮೋಟಾರು ಸಾರಿಗೆ ಕಾರ್ಮಿಕರ ಕಾಯ್ದೆ ಸಾಮಾನ್ಯವಾಗಿ ದಿನಕ್ಕೆ ಎಂಟು ಗಂಟೆ ಕೆಲಸ ಎಂದು ಮಿತಿ ಹಾಕಿತ್ತು, ವಿಶ್ರಾಂತಿ ಕೊಠಡಿಯ ಮಾತನ್ನೂ ಆಡುತ್ತಿತ್ತು. ಸೇವೆ ಪಡೆಯುವವರನ್ನು ಅಧ್ಯಯನ ಮಾಡುವಾಗ ಸೇವೆ ಕೊಡುವವರನ್ನು ಅಡಿಟಿಪ್ಪಣಿಗೆ ತಳ್ಳುವುದು ನನಗೆ ಒಪ್ಪಿಗೆಯಿಲ್ಲ.

ಮೌಖಿಕ ಪರೀಕ್ಷೆಯಲ್ಲಿ ಬಂದ ಪ್ರಶ್ನೆ ನೇರವಾಗಿತ್ತು: ಹಾಗಾದರೆ ನಷ್ಟವನ್ನು ಯಾರು ಭರಿಸಬೇಕು? ಬ್ರಿಟನ್ನಿನಲ್ಲಿ 1986ರಲ್ಲಿ ಲಂಡನ್ನಿನ ಹೊರಗಿನ ಬಸ್ ಸೇವೆಯನ್ನು ಮುಕ್ತ ಮಾರುಕಟ್ಟೆಗೆ ಬಿಟ್ಟರು. ಆಗಲೂ ಲಾಭ ತಾರದ, ಆದರೆ ಜನರಿಗೆ ಅಗತ್ಯವಾದ ಮಾರ್ಗಗಳಿಗೆ ಸ್ಥಳೀಯ ಆಡಳಿತಗಳು ಟೆಂಡರ್ ಕರೆದು ಹಣ ಕೊಡುವ ದಾರಿ ಇಟ್ಟುಕೊಂಡರು ಎಂದು ಹೇಳಿದೆ. ನಮ್ಮಲ್ಲಿ ಮಾರುಕಟ್ಟೆಗೆ ಬಿಡುವ ಅಗತ್ಯವಿಲ್ಲ, ಲೆಕ್ಕ ಬೇರ್ಪಡಿಸಿದರೆ ಸಾಕು. ಯಾವ ಟ್ರಿಪ್ ಸಾಮಾಜಿಕ ಸೇವೆ ಎಂದು ಮೊದಲೇ ಗುರುತಿಸಿ, ಅದರ ಕೊರತೆಯನ್ನು ಸರ್ಕಾರ ಪ್ರತ್ಯೇಕ ಶೀರ್ಷಿಕೆಯಲ್ಲಿ ಕಾಲಕ್ಕೆ ಸರಿಯಾಗಿ ತುಂಬಬೇಕು. ಆಗ ಮಕ್ಕಳನ್ನು ಶಾಲೆಗೆ ಕರೆತಂದ ತಪ್ಪಿಗೆ ಘಟಕ ವ್ಯವಸ್ಥಾಪಕರು ಪ್ರಗತಿ ಪರಿಶೀಲನಾ ಸಭೆಯಲ್ಲಿ ಉತ್ತರ ಕೊಡಬೇಕಾಗುವುದಿಲ್ಲ.