ಅರ್ಜಿ ಬರೆಯಿರಿ, ಸೀಲ್ ಹಾಕಿಸಿ: ಊರಿನ ಕೆಲಸಕ್ಕೆ ಇಳಿಯುವ ಕಾಲೇಜು ಮಕ್ಕಳಿಗೆ

ನಾನು ಬಯಲುಸೀಮೆಯ ಒಂದು ತಾಲ್ಲೂಕು ಕೇಂದ್ರದ ಪದವಿ ಕಾಲೇಜಿನಲ್ಲಿ ರಾಜ್ಯಶಾಸ್ತ್ರ ಕಲಿಸುತ್ತೇನೆ. ಎನ್‌ಎಸ್‌ಎಸ್ (ರಾಷ್ಟ್ರೀಯ ಸೇವಾ ಯೋಜನೆ) ಘಟಕವೂ ನನ್ನ ತಲೆಗೇ ಬಿದ್ದಿದೆ. ಪ್ರತಿ ವರ್ಷ ಯಾರಾದರೂ ಬಂದು "ಮೇಡಂ, ಸಮಾಜಕ್ಕೆ ಏನಾದರೂ ಮಾಡಬೇಕು" ಅನ್ನುತ್ತಾರೆ. ಆಗ ನಾನು ಕೇಳುವುದು ಒಂದೇ. ನಿನಗೆ ದಿನಾ ಕಾಟ ಕೊಡುತ್ತಿರುವುದು ಏನು? ಸಂಜೆಯ ಬಸ್ಸಾ, ಹಾಸ್ಟೆಲ್ ದಾರಿಯ ಬೀದಿದೀಪವಾ, ಊರಿನ ಕುಡಿಯುವ ನೀರಿನ ಘಟಕವಾ? ಅಲ್ಲಿಂದ ಶುರು ಮಾಡು. ಭ್ರಷ್ಟಾಚಾರ ನಿರ್ಮೂಲನೆ ಆಮೇಲೆ ನೋಡೋಣ.

ಮೊದಲು ಮತದಾರರ ಪಟ್ಟಿಯಲ್ಲಿ ಹೆಸರು ಇದೆಯಾ ನೋಡಿಕೊಳ್ಳಿ. ಇಲ್ಲದಿದ್ದರೆ ನಮೂನೆ 6 ತುಂಬಬೇಕು. ವಿಳಾಸ ಬದಲಾಗಿದ್ದರೆ ಅಥವಾ ಹೆಸರಿನಲ್ಲಿ ತಪ್ಪಿದ್ದರೆ ನಮೂನೆ 8. ಚುನಾವಣಾ ಆಯೋಗದ ಆ್ಯಪಿನಲ್ಲೂ ಹಾಕಬಹುದು, ನಿಮ್ಮ ಬೂತ್ ಮಟ್ಟದ ಅಧಿಕಾರಿಗೂ ಕೊಡಬಹುದು. ಅನುಮಾನವಿದ್ದರೆ 1950ಕ್ಕೆ ಫೋನ್ ಮಾಡಿ. ಹದಿನೇಳು ತುಂಬಿದವರು ಮುಂಚೆಯೇ ಅರ್ಜಿ ಹಾಕಿಡಬಹುದು. ಮೊದಲೆಲ್ಲ ಜನವರಿ 1ಕ್ಕೆ 18 ಆಗಿರಬೇಕಿತ್ತು. ಈಗ ಏಪ್ರಿಲ್, ಜುಲೈ, ಅಕ್ಟೋಬರ್ ತಿಂಗಳ 1ನೇ ತಾರೀಕುಗಳೂ ಲೆಕ್ಕಕ್ಕಿವೆ.

ಹಾಸ್ಟೆಲಿನಲ್ಲಿ ಇರುವವರು ಒಂದು ವಿಷಯ ಯೋಚಿಸಬೇಕು. ಹೆಸರು ಒಂದೇ ಕಡೆ ಇರಬೇಕು, ಎರಡು ಕಡೆ ಇದ್ದರೆ ಕಾನೂನಿಗೆ ವಿರುದ್ಧ. ಹಾಸ್ಟೆಲ್ ವಿಳಾಸಕ್ಕೆ ಬದಲಾಯಿಸಿಕೊಳ್ಳಲು ಅವಕಾಶವಿದೆ. ಆದರೆ ಗ್ರಾಮಸಭೆಯ ಸದಸ್ಯರಾಗುವುದು ಊರಿನ ಮತದಾರರ ಪಟ್ಟಿಯಲ್ಲಿ ಇರುವವರು. ಮೂರು ವರ್ಷದ ಓದಿಗೆ ಬಂದವರು ಊರಿನಲ್ಲೇ ಹೆಸರು ಇಟ್ಟುಕೊಳ್ಳುವುದು ಒಳ್ಳೆಯದು ಅನ್ನುವುದು ನನ್ನ ಅಭಿಪ್ರಾಯ.

ಇನ್ನು ಅರ್ಜಿಯ ವಿಷಯ. ಇದನ್ನು ಸ್ವಲ್ಪ ನಿಧಾನವಾಗಿ ಹೇಳುತ್ತೇನೆ. ಎಂ.ಎ. ಮುಗಿಸಿದವರಿಗೂ ಒಂದು ನೆಟ್ಟಗಿನ ಅರ್ಜಿ ಬರೆಯಲು ಬರುವುದಿಲ್ಲ.

ನಮ್ಮ ಕಾಲೇಜು ಬಿಡುವುದು ನಾಲ್ಕಕ್ಕೆ. ಒಂದು ದಾರಿಯ ಬಸ್ಸು ಮೂರೂಮುಕ್ಕಾಲಿಗೇ ಹೊರಟುಬಿಡುತ್ತಿತ್ತು, ಮುಂದಿನದು ಆರೂವರೆಗೆ. ಹುಡುಗರು ರಸ್ತೆ ತಡೆ ಮಾಡೋಣ ಅಂದರು. ರಸ್ತೆ ತಡೆದರೆ ಮಾರನೇ ದಿನ ಪೇಪರಿನಲ್ಲಿ ಫೋಟೊ ಬರುತ್ತದೆ, ಒಂದು ವಾರ ಬಸ್ಸೂ ಬರುತ್ತದೆ, ಆಮೇಲೆ ಎಲ್ಲ ಮೊದಲಿನ ಹಾಗೇ. ಮೊದಲು ಲೆಕ್ಕ ತೆಗೆಯಿರಿ ಅಂದೆ. ಆ ದಾರಿಯಲ್ಲಿ ಯಾವ ಊರಿಗೆ ಎಷ್ಟು ವಿದ್ಯಾರ್ಥಿ ಪಾಸ್ ಇವೆ, ಯಾರು ಎಲ್ಲಿ ಇಳಿಯುತ್ತಾರೆ, ಪಾಸ್ ನಂಬರ್ ಸಮೇತ ಪಟ್ಟಿ ಮಾಡಿಸಿದೆ. ಆ ಪಟ್ಟಿ ಲಗತ್ತಿಸಿ ಡಿಪೊ ಮ್ಯಾನೇಜರಿಗೆ ಮನವಿ ಕೊಟ್ಟರು. ಕೇಳಿದ್ದು ಇಷ್ಟೇ: ಮೂರೂಮುಕ್ಕಾಲರ ಬಸ್ಸನ್ನು ನಾಲ್ಕೂಕಾಲಿಗೆ ಬಿಡಿ. ಸಮಯ ಬದಲಾಯಿತು. ಅದರ ಜೊತೆ ಇನ್ನೊಂದು ಹೊಸ ಬಸ್ಸು ಬೇಕು ಅಂತಲೂ ಬೇರೆ ಅರ್ಜಿ ಕೊಟ್ಟಿದ್ದರು. ಅದು ಇವತ್ತಿಗೂ ಆಗಿಲ್ಲ.

ಇದರಲ್ಲೇ ಅರ್ಜಿಯ ಮುಖ್ಯ ಪಾಠ ಇದೆ. ಯಾರಿಗೆ ಬರೆಯುತ್ತೀರೋ ಅವರ ಕೈಯಲ್ಲಿ ಆಗುವಂಥದ್ದನ್ನು ಕೇಳಿ. ಒಂದು ಅರ್ಜಿಗೆ ಒಂದೇ ವಿಷಯ. ಬೀದಿದೀಪ, ಚರಂಡಿ, ನಾಯಿಕಾಟ ಮೂರನ್ನೂ ಒಂದೇ ಹಾಳೆಯಲ್ಲಿ ತುರುಕಿದರೆ ಅದು ಯಾವ ಗುಮಾಸ್ತರ ಮೇಜಿಗೂ ಸೇರುವುದಿಲ್ಲ. ದೀಪ ಅಂದರೆ ಕಂಬದ ನಂಬರ್ ಬರೆಯಿರಿ, ಎಷ್ಟು ದಿನದಿಂದ ಉರಿಯುತ್ತಿಲ್ಲ ಅಂತ ಬರೆಯಿರಿ. "ತಾವು ದಯಾಮಯಿಗಳು" ಅಂತೆಲ್ಲ ಬೇಡ. ಬೈಗುಳವೂ ಬೇಡ. ಒಂದು ಪುಟ ಸಾಕು.

ಎರಡು ಪ್ರತಿ ತೆಗೆದುಕೊಂಡು ಹೋಗಿ. ಒಂದನ್ನು ಟಪಾಲು ವಿಭಾಗದಲ್ಲಿ ಕೊಟ್ಟು, ಇನ್ನೊಂದರ ಮೇಲೆ ಸೀಲ್, ತಾರೀಕು, ಸಹಿ ಹಾಕಿಸಿಕೊಳ್ಳಿ. "ಇಟ್ಟು ಹೋಗಮ್ಮ, ನೋಡ್ತೀವಿ" ಅಂದರೆ ನಗುತ್ತಾ ಅಲ್ಲೇ ನಿಂತಿರಿ. ಸೀಲ್ ಇಲ್ಲದ ಅರ್ಜಿ ಕೊಟ್ಟೇ ಇಲ್ಲ ಅಂದುಕೊಳ್ಳಿ. ಹೋಗುವಾಗ ಇಬ್ಬರು ಮೂವರು ಸಾಕು. ಮೂವತ್ತು ಜನ ಹೋದರೆ ಅದು ಪ್ರತಿಭಟನೆ ಆಗುತ್ತದೆ, ಒಳಗಿನಿಂದ ಪೊಲೀಸರಿಗೆ ಫೋನ್ ಹೋಗುತ್ತದೆ. ಹದಿನೈದು ದಿನ ಬಿಟ್ಟು ಸೀಲ್ ಇರುವ ಪ್ರತಿ ಹಿಡಿದು ಮತ್ತೆ ಹೋಗಿ. ಎರಡನೇ, ನಾಲ್ಕನೇ ಶನಿವಾರ ಹೋಗಬೇಡಿ, ಸರ್ಕಾರಿ ಕಚೇರಿಗಳಿಗೆ ರಜೆ. ಓಡಾಡಲು ಆಗದಿದ್ದರೆ ರಾಜ್ಯದ ಜನಸ್ಪಂದನ ಸಹಾಯವಾಣಿ 1902 ಇದೆ. ಅಲ್ಲಿ ದೂರಿಗೆ ಒಂದು ನಂಬರ್ ಕೊಡುತ್ತಾರೆ, ಬರೆದಿಟ್ಟುಕೊಳ್ಳಿ.

ಹಳ್ಳಿಯ ಮಕ್ಕಳಿಗೆ ನಾನು ಜಾಸ್ತಿ ಒತ್ತಾಯ ಮಾಡುವುದು ಗ್ರಾಮಸಭೆಗೆ ಹೋಗಿ ಅಂತ. ಕರ್ನಾಟಕದ 1993ರ ಪಂಚಾಯತ್ ರಾಜ್ ಕಾಯ್ದೆಯ ಪ್ರಕಾರ ಆರು ತಿಂಗಳಿಗೆ ಒಂದಾದರೂ ಆಗಬೇಕು. ಅದಕ್ಕೂ ಮೊದಲು ವಾರ್ಡ್ ಸಭೆ. ಯಾವಾಗ ಅಂತ ಪಂಚಾಯಿತಿ ನೋಟಿಸ್ ಬೋರ್ಡಿನಲ್ಲಿ ಹಾಕುತ್ತಾರೆ. ನೋಟಿಸ್ ಬೋರ್ಡಿಗಿಂತ ನಿಮ್ಮೂರ ವಾಟರ್‌ಮ್ಯಾನ್‌ಗೆ ಚೆನ್ನಾಗಿ ಗೊತ್ತಿರುತ್ತದೆ, ಅವರನ್ನೇ ಕೇಳಿ.

ಮೊದಲ ಸಲ ಸುಮ್ನೆ ಕೂತು ನೋಡಿ. ಮನೆ ಹಂಚಿಕೆಯ ಪಟ್ಟಿ ಓದುವ ತನಕ ಜನ ತುಂಬಿರುತ್ತಾರೆ, ಅದು ಮುಗಿದ ಕೂಡಲೇ ಅರ್ಧ ಖಾಲಿ. ನಿಮ್ಮ ಮಾತಿಗೆ ಜಾಗ ಸಿಗುವುದು ಆಗಲೇ. ಎದ್ದು ನಿಂತು ಹೆಸರು, ಊರು ಹೇಳಿ, ವಿಷಯ ಹೇಳಿ. ಕೊನೆಗೆ ಒಂದು ಮಾತು ಮರೆಯಬೇಡಿ: "ಇದನ್ನು ನಡಾವಳಿಯಲ್ಲಿ ಬರೆದುಕೊಳ್ಳಿ ಸರ್." ನಡಾವಳಿ ಅಂದರೆ ಸಭೆಯಲ್ಲಿ ಆದದ್ದರ ದಾಖಲೆ. ಆ ಪುಸ್ತಕಕ್ಕೆ ಏರದ ಮಾತು ಗಾಳಿಗೆ ಹೋಯಿತು ಅಂತಲೇ ಲೆಕ್ಕ. ಹುಡುಗಿಯರು ಒಬ್ಬೊಬ್ಬರೇ ಹೋಗುವ ಬದಲು ಅಮ್ಮನನ್ನೋ ಸ್ವಸಹಾಯ ಸಂಘದ ಹೆಂಗಸರನ್ನೋ ಜೊತೆಗೆ ಕರೆದುಕೊಂಡು ಹೋಗಿ. "ನೀನ್ಯಾಕಮ್ಮ ಬಂದೆ, ಅಪ್ಪ ಬರಲಿಲ್ವಾ" ಅನ್ನುವವರು ಇನ್ನೂ ಇದ್ದಾರೆ. ಸಂಘದವರು ಪಕ್ಕದಲ್ಲಿದ್ದರೆ ಆ ಪ್ರಶ್ನೆ ಬರುವುದಿಲ್ಲ.

ಅರ್ಜಿಗೂ ಗ್ರಾಮಸಭೆಗೂ ಉತ್ತರ ಬರದಿದ್ದರೆ ಮಾತ್ರ ಮಾಹಿತಿ ಹಕ್ಕು. 2005ರ ಈ ಕಾಯ್ದೆಯನ್ನು ಹುಡುಗರು ಬಂದೂಕಿನ ಹಾಗೆ ಹಿಡಿಯುತ್ತಾರೆ, ಅದು ನನಗೆ ಇಷ್ಟವಿಲ್ಲ. ಅರ್ಜಿ ಶುಲ್ಕ 10 ರೂಪಾಯಿ, ಪೋಸ್ಟಲ್ ಆರ್ಡರ್ ತೆಗೆದುಕೊಂಡರೆ ಸಲೀಸು. ಬಿಪಿಎಲ್ ಕುಟುಂಬದವರು ಕಾರ್ಡಿನ ಝೆರಾಕ್ಸ್ ಇಟ್ಟರೆ ಶುಲ್ಕವಿಲ್ಲ. ನಮ್ಮ ರಾಜ್ಯದಲ್ಲಿ ಒಂದು ಅರ್ಜಿಗೆ ಒಂದೇ ವಿಷಯ, 150 ಪದದೊಳಗೆ. ಯಾಕೆ ಬೇಕು ಅಂತ ಕಾರಣ ಹೇಳಬೇಕಿಲ್ಲ. ಉತ್ತರಕ್ಕೆ 30 ದಿನದ ಗಡುವು. ಬರದಿದ್ದರೆ ಮುಂದಿನ 30 ದಿನದಲ್ಲಿ ಮೊದಲ ಮೇಲ್ಮನವಿ.

ಪ್ರಶ್ನೆ ಕೇಳುವುದರಲ್ಲಿ ಜಾಣತನ ಬೇಕು. "ನೀರಿನ ಘಟಕ ಯಾಕೆ ಕೆಟ್ಟು ನಿಂತಿದೆ?" ಅಂತ ಕೇಳಿದರೆ "ಇದು ಮಾಹಿತಿಯ ವ್ಯಾಪ್ತಿಗೆ ಬರುವುದಿಲ್ಲ" ಅಂತ ಒಂದು ಸಾಲಿನ ಉತ್ತರ ಬರಬಹುದು. ಕಾಗದ ಕೇಳಿ. ಘಟಕದ ನಿರ್ವಹಣೆಯ ಒಪ್ಪಂದದ ಪ್ರತಿ ಕೊಡಿ, ಕಳೆದ ಎರಡು ವರ್ಷದಲ್ಲಿ ರಿಪೇರಿಗೆ ಪಾವತಿಸಿದ ಬಿಲ್ಲುಗಳ ಪ್ರತಿ ಕೊಡಿ. ಯಾಕೆ ಅನ್ನುವುದು ಆ ಕಾಗದ ಓದಿದಾಗ ತಾನೇ ಗೊತ್ತಾಗುತ್ತದೆ. ಊರಿನಲ್ಲಿ ಎಲ್ಲರಿಗೂ ಎಲ್ಲರೂ ಗೊತ್ತು, ಕೇಳಿದ್ದು ಯಾರು ಅನ್ನುವುದು ಸಂಜೆಯೊಳಗೆ ಹರಡುತ್ತದೆ. ಹಾಗಾಗಿ ಮನೆಯಲ್ಲಿ ಮೊದಲೇ ಹೇಳಿಡಿ. ಗುತ್ತಿಗೆದಾರರ ಹಣದ ವಿಷಯವಾಗಿದ್ದರೆ ಒಬ್ಬರೇ ಕೈ ಹಾಕಬೇಡಿ.

ಎನ್‌ಎಸ್‌ಎಸ್ ಬಗ್ಗೆ ನಾನೇ ಏನು ಹೇಳಲಿ! ಎರಡು ವರ್ಷಕ್ಕೆ 240 ಗಂಟೆ, ಜೊತೆಗೆ ಏಳು ದಿನದ ವಿಶೇಷ ಶಿಬಿರ. ಪೊರಕೆ ಹಿಡಿದು ಫೋಟೊ ತೆಗೆಸಿಕೊಂಡು ಗಂಟೆ ತುಂಬಿಸುವುದೂ ನಡೆಯುತ್ತದೆ. ನಿಮ್ಮ ಅಧಿಕಾರಿಯ ಹತ್ತಿರ ಹೋಗಿ ಬೇರೆ ಕೆಲಸ ಕೇಳಿ. ಗ್ರಾಮ ಪಂಚಾಯಿತಿಯ ಗ್ರಂಥಾಲಯಗಳಿಗೆ ಈಗ ಅರಿವು ಕೇಂದ್ರ ಅನ್ನುತ್ತಾರೆ. ಅಲ್ಲಿ ಭಾನುವಾರ ಮಕ್ಕಳನ್ನು ಕೂರಿಸಿಕೊಂಡು ಗಟ್ಟಿಯಾಗಿ ಓದಿಸಿದರೂ ಸಾಕು. ಅಜ್ಜಿಯರಿಗೆ ಪಿಂಚಣಿ ಯಾಕೆ ನಿಂತಿದೆ ಅಂತ ನೋಡಿ ಹೇಳುವುದೂ ಒಳ್ಳೆಯ ಕೆಲಸವೇ. ಬಹಳ ಸಲ ಆಧಾರ್ ಮತ್ತು ಬ್ಯಾಂಕ್ ಖಾತೆಯ ಜೋಡಣೆಯ ತೊಂದರೆ ಇರುತ್ತದೆ.

ಒಂದು ಕೊನೆಯ ವಿಷಯ, ಕೊನೆಯ ಸೆಮಿಸ್ಟರಿನವರಿಗೆ. ನೀವು ಪರೀಕ್ಷೆ ಬರೆದು ಹೋಗುತ್ತೀರಿ, ಅರ್ಜಿ ಕಚೇರಿಯಲ್ಲೇ ಉಳಿಯುತ್ತದೆ. ಸೀಲ್ ಬಿದ್ದ ಪ್ರತಿಗಳನ್ನೆಲ್ಲ ಒಂದು ಫೈಲಿಗೆ ಹಾಕಿ, ಮುಂದೆ ಯಾವ ತಾರೀಕಿಗೆ ಯಾರನ್ನು ನೋಡಬೇಕು ಅಂತ ಮೊದಲ ಹಾಳೆಯಲ್ಲಿ ಬರೆಯಿರಿ. ಎರಡನೇ ವರ್ಷದ ಇಬ್ಬರನ್ನು ಕರೆದುಕೊಂಡು ಹೋಗಿ ಆ ಕಚೇರಿಯವರಿಗೆ ಪರಿಚಯ ಮಾಡಿಸಿ, ಫೈಲನ್ನು ಅವರ ಕೈಗೆ ಕೊಡಿ. ಹೊಸ ಬಸ್ಸಿನ ಅರ್ಜಿ ನಮ್ಮಲ್ಲಿ ಹಾಗೆ ಕೈಯಿಂದ ಕೈಗೆ ಬರುತ್ತಿದೆ. ಈ ವರ್ಷದ ಪಾಸುಗಳ ಪಟ್ಟಿ ಇನ್ನೂ ಸೇರಿಸಬೇಕು.